ಬೆಂಗಳೂರಿನ ಸುತ್ತಲಿನ ಬೆಟ್ಟಗಳು ಮತ್ತು ಚಾರಣ ತಾಣಗಳು

ಬೆಂಗಳೂರಿನ ಸುತ್ತಲಿನ ಬೆಟ್ಟಗಳು ಕರ್ನಾಟಕದ ಆಗ್ನೇಯ ಭಾಗದಲ್ಲಿ, ರಾಜಧಾನಿ ಬೆಂಗಳೂರಿನಿಂದ ಸುಮಾರು 100 ಕಿ.ಮೀ. ವ್ಯಾಪ್ತಿಯೊಳಗೆ ಹರಡಿಕೊಂಡಿರುವ ಗ್ರಾನೈಟ್ ಬೆಟ್ಟ ಹಾಗೂ ಹೆಬ್ಬಂಡೆಗಳ ಸಮೂಹವಾಗಿದೆ. ನಂದಿ ಬೆಟ್ಟ, ಸಾವನದುರ್ಗ, ಶಿವಗಂಗೆ, ರಾಮದೇವರ ಬೆಟ್ಟ, ದೇವರಾಯನದುರ್ಗ, ಮಾಕಳಿದುರ್ಗ ಮತ್ತು ಅಂತರಗಂಗೆ ಇವುಗಳಲ್ಲಿ ಪ್ರಮುಖವಾದವು. ನಗರದಿಂದ ಬೆಳಿಗ್ಗೆ ಹೊರಟು ಸಂಜೆಯೊಳಗೆ ಹಿಂದಿರುಗಬಹುದಾದ ಕಾರಣ ಚಾರಣಿಗರು, ಶಿಲಾರೋಹಿಗಳು, ಸೈಕಲ್ ಹಾಗೂ ಬೈಕ್ ಸವಾರರು ಮತ್ತು ಪಕ್ಷಿವೀಕ್ಷಕರು ಇಲ್ಲಿಗೆ ಹೆಚ್ಚಿನ ಸಂಖ್ಯೆಯಲ್ಲಿ ಬರುತ್ತಾರೆ. ಈ ಬೆಟ್ಟಗಳು ವಿಹಾರತಾಣಗಳಷ್ಟೇ ಅಲ್ಲ. ಅರ್ಕಾವತಿಯೂ ಸೇರಿದಂತೆ ಹಲವು ನದಿಗಳ ಉಗಮಸ್ಥಾನಗಳಾಗಿ, ರಣಹದ್ದು, ಕರಡಿ ಮತ್ತು ಚಿರತೆಗಳ ನೆಲೆಗಳಾಗಿ ಹಾಗೂ ಪಾಳೇಗಾರರ ಕಾಲದ ಕೋಟೆಗಳ ತಾಣಗಳಾಗಿಯೂ ಇವು ಮಹತ್ವ ಪಡೆದಿವೆ.

ಭೂವಿಜ್ಞಾನ

ಬೆಂಗಳೂರು ದಖನ್ ಪ್ರಸ್ಥಭೂಮಿಯ ಮೇಲೆ, ಸಮುದ್ರಮಟ್ಟದಿಂದ 900 ಮೀ.ಗಿಂತ ಹೆಚ್ಚು ಎತ್ತರದಲ್ಲಿದೆ. ನಗರದ ಅಡಿಯಲ್ಲಿರುವುದು ಪರ್ಯಾಯದ್ವೀಪದ ನೈಸ್ ಶಿಲೆ. ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದಾದ ಈ ಶಿಲೆಯನ್ನು ಲಾಲ್‌ಬಾಗಿನ ಬಂಡೆಯಲ್ಲಿ ಕಾಣಬಹುದು. ನಗರದ ಪಶ್ಚಿಮಕ್ಕೆ ಇದನ್ನು ಸೀಳಿಕೊಂಡು ಕ್ಲೋಸ್‌ಪೇಟೆ ಗ್ರಾನೈಟ್ ಎಂಬ ಶಿಲಾಪಟ್ಟಿ ದಕ್ಷಿಣೋತ್ತರವಾಗಿ ಸುಮಾರು 400 ಕಿ.ಮೀ. ದೂರ ಚಾಚಿಕೊಂಡಿದೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ರೂಪುಗೊಂಡ ಈ ಗ್ರಾನೈಟಿಗೆ ರಾಮನಗರದ ಹಳೆಯ ಹೆಸರಾದ ಕ್ಲೋಸ್‌ಪೇಟೆಯಿಂದ ಹೆಸರು ಬಂದಿದೆ. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್‌ನ ಸ್ಮರಣಾರ್ಥ ಆ ಊರಿಗೆ ಕ್ಲೋಸ್‌ಪೇಟೆ ಎಂದು ಕರೆಯಲಾಗಿತ್ತು.

ಸುತ್ತಲಿನ ಮೆದು ಶಿಲೆ ಕೋಟ್ಯಂತರ ವರ್ಷಗಳ ಮಳೆ, ಗಾಳಿ, ಬಿಸಿಲಿಗೆ ಸವೆದುಹೋದಾಗ ಗಟ್ಟಿಯಾದ ಗ್ರಾನೈಟ್ ಒಂಟಿ ಬೆಟ್ಟಗಳಾಗಿ ಉಳಿದುಕೊಂಡಿತು. ಬಂಡೆಯ ಮೇಲ್ಪದರಗಳು ಈರುಳ್ಳಿಯ ಸಿಪ್ಪೆಯಂತೆ ಕಳಚುತ್ತ ಬಂದುದರಿಂದ ಈ ಬೆಟ್ಟಗಳಿಗೆ ನುಣುಪಾದ ಗುಮ್ಮಟದ ಆಕಾರ ಬಂದಿದೆ. ಬಂಡೆಯ ತಗ್ಗುಗಳಲ್ಲಿ ಮಳೆನೀರು ನಿಂತು ಉಂಟಾದ ದೊಣೆಗಳು ಬಹುತೇಕ ಎಲ್ಲ ಬೆಟ್ಟಗಳ ಮೇಲೂ ಇವೆ. ಹಿಂದೆ ಕೋಟೆಗಳಲ್ಲಿದ್ದವರಿಗೆ ಈ ದೊಣೆಗಳೇ ನೀರಿನ ಆಸರೆಯಾಗಿದ್ದವು.

ಇತಿಹಾಸ

ಕಡಿದಾದ ಬಂಡೆ, ಮೇಲೆ ನೀರು ಮತ್ತು ದೂರದವರೆಗೆ ಕಾಣುವ ನೋಟ ಇವುಗಳಿಂದಾಗಿ ಈ ಬೆಟ್ಟಗಳಲ್ಲಿ ಅನೇಕವು ದುರ್ಗಗಳಾದವು. ಬೆಂಗಳೂರು 1638ರಲ್ಲಿ ಬಿಜಾಪುರದ ಸೇನೆಯ ವಶವಾದ ಮೇಲೆ ಕೆಂಪೇಗೌಡರ ವಂಶಸ್ಥರು ಮಾಗಡಿಯನ್ನು ಕೇಂದ್ರವಾಗಿಸಿಕೊಂಡು ಆಳಿದರು. ಸಾವನದುರ್ಗ ಅವರ ಪ್ರಬಲ ನೆಲೆಯಾಗಿತ್ತು. 1728ರಲ್ಲಿ ಮೈಸೂರು ಒಡೆಯರ ಸೇನೆ ಮಾಗಡಿ ಮತ್ತು ಸಾವನದುರ್ಗಗಳನ್ನು ಗೆದ್ದುಕೊಂಡಿತು. ನಂದಿದುರ್ಗವು ಚಿಕ್ಕಬಳ್ಳಾಪುರದ ಪಾಳೇಗಾರರಿಂದ ಮೈಸೂರಿನ ಆಳ್ವಿಕೆಗೆ ಬಂದ ನಂತರ ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರು ಅದರ ಕೋಟೆಯನ್ನು ಬಲಪಡಿಸಿದರು.

ಮೂರನೆಯ ಆಂಗ್ಲೋ-ಮೈಸೂರು ಯುದ್ಧದಲ್ಲಿ ಲಾರ್ಡ್ ಕಾರ್ನ್‌ವಾಲಿಸ್‌ನ ಸೈನ್ಯ 1791ರ ಅಕ್ಟೋಬರ್‌ನಲ್ಲಿ ನಂದಿದುರ್ಗವನ್ನೂ ಅದೇ ವರ್ಷದ ಡಿಸೆಂಬರ್ 21ರಂದು ಸಾವನದುರ್ಗವನ್ನೂ ವಶಪಡಿಸಿಕೊಂಡಿತು. ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕುವ ಮೊದಲು ತನ್ನ ಹಿಂಬದಿಯ ಸಾಗಣೆ ದಾರಿಯನ್ನು ಭದ್ರಪಡಿಸಿಕೊಳ್ಳುವುದು ಆ ಸೈನ್ಯದ ಉದ್ದೇಶವಾಗಿತ್ತು. ಬ್ರಿಟಿಷರ ಆಡಳಿತದಲ್ಲಿ ನಂದಿ ಬೆಟ್ಟ ಬೇಸಿಗೆಯ ತಂಗುದಾಣವಾಯಿತು. ಕಮಿಷನರ್ ಮಾರ್ಕ್ ಕಬ್ಬನ್ ಅಲ್ಲಿ ನಿವಾಸವನ್ನು ಹೊಂದಿದ್ದನು. 1986ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಸಾರ್ಕ್ ಶೃಂಗಸಭೆ ನಡೆದಾಗ ಸದಸ್ಯ ರಾಷ್ಟ್ರಗಳ ನಾಯಕರು ನಂದಿ ಬೆಟ್ಟದಲ್ಲಿಯೂ ಸೇರಿದ್ದರು.

ಪ್ರಮುಖ ಮಾರ್ಗಗಳು ಮತ್ತು ತಾಣಗಳು

ಉತ್ತರ ದಿಕ್ಕು

ಬಳ್ಳಾರಿ ರಸ್ತೆ ಎಂದು ಕರೆಯಲಾಗುವ ರಾಷ್ಟ್ರೀಯ ಹೆದ್ದಾರಿ 44 ಟಿಪ್ಪುವಿನ ಜನ್ಮಸ್ಥಳವಾದ ದೇವನಹಳ್ಳಿಯ ಮೂಲಕ ಚಿಕ್ಕಬಳ್ಳಾಪುರಕ್ಕೆ ಸಾಗುತ್ತದೆ. ನಗರದಿಂದ ಸುಮಾರು 60 ಕಿ.ಮೀ. ದೂರದಲ್ಲಿರುವ ನಂದಿ ಬೆಟ್ಟದ ಎತ್ತರ 1,478 ಮೀ. ತುದಿಯವರೆಗೂ ಡಾಂಬರು ರಸ್ತೆಯಿದ್ದು, ಅದರ ಕಡಿದಾದ ತಿರುವುಗಳು ಸೈಕಲ್ ಸವಾರರ ಸಹನೆಯನ್ನು ಪರೀಕ್ಷಿಸುತ್ತವೆ. ಬೆಟ್ಟದ ಮೇಲೆ ಯೋಗನಂದೀಶ್ವರ ದೇವಾಲಯವೂ ತಪ್ಪಲಿನ ನಂದಿ ಗ್ರಾಮದಲ್ಲಿ ಭೋಗನಂದೀಶ್ವರ ದೇವಾಲಯವೂ ಇವೆ. ಭೋಗನಂದೀಶ್ವರ ದೇವಾಲಯದ ಮೂಲ ಒಂಬತ್ತನೆಯ ಶತಮಾನದ್ದು. ನೊಳಂಬ, ಚೋಳ, ಹೊಯ್ಸಳ ಮತ್ತು ವಿಜಯನಗರ ಕಾಲದ ರಚನೆಗಳನ್ನು ಅಲ್ಲಿ ಒಂದೇ ಆವರಣದಲ್ಲಿ ನೋಡಬಹುದು. ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟೂರಾದ ಮುದ್ದೇನಹಳ್ಳಿ ಇಲ್ಲಿಗೆ ಸಮೀಪದಲ್ಲಿದೆ.

ಚಿಕ್ಕಬಳ್ಳಾಪುರದ ಬಳಿಯ ಸ್ಕಂದಗಿರಿಗೆ ಸ್ಥಳೀಯರು ಕಳವಾರ ಬೆಟ್ಟ ಎನ್ನುತ್ತಾರೆ. ಹಿಂದೆ ರಾತ್ರಿ ಚಾರಣಕ್ಕೆ ಹೆಸರಾಗಿದ್ದ ಈ ಬೆಟ್ಟವನ್ನು ಈಗ ಮುಂಗಡ ಟಿಕೆಟ್ ಪಡೆದು ಏರಬೇಕಾಗುತ್ತದೆ. ದೊಡ್ಡಬಳ್ಳಾಪುರದ ಆಚೆಗಿರುವ ಮಾಕಳಿದುರ್ಗದ ತಪ್ಪಲಿನಲ್ಲಿ ರೈಲು ಮಾರ್ಗ ಹಾದುಹೋಗುತ್ತದೆ. ಮೇಲೆ ಹಾಳಾದ ಕೋಟೆ ಇದೆ. ಘಾಟಿ ಸುಬ್ರಹ್ಮಣ್ಯ ಕ್ಷೇತ್ರ ಇದರ ಸಮೀಪದಲ್ಲಿದೆ.

ವಾಯವ್ಯ ದಿಕ್ಕು

ತುಮಕೂರು ರಸ್ತೆಯಲ್ಲಿ ದಾಬಸ್‌ಪೇಟೆಯ ಬಳಿ ತಿರುಗಿದರೆ ಶಿವಗಂಗೆ ಸಿಗುತ್ತದೆ. ದಕ್ಷಿಣಕಾಶಿ ಎಂದು ಹೆಸರಾದ ಈ ಕ್ಷೇತ್ರದಲ್ಲಿ ಗಂಗಾಧರೇಶ್ವರ ದೇವಾಲಯ, ಪಾತಾಳಗಂಗೆ ಮತ್ತು ಒಳಕಲ್ಲು ತೀರ್ಥಗಳಿವೆ. ಗಂಗಾಧರೇಶ್ವರನಿಗೆ ಹಚ್ಚಿದ ತುಪ್ಪ ಬೆಣ್ಣೆಯಾಗುತ್ತದೆಂಬುದು ಭಕ್ತರ ನಂಬಿಕೆ. ಬಂಡೆಯಲ್ಲಿ ಕಡಿದ ಮೆಟ್ಟಿಲುಗಳು ಮೇಲೆ ಹೋದಂತೆ ಕಡಿದಾಗುತ್ತವೆ. ತುದಿಯ ಬಳಿಯ ಪ್ರಪಾತವನ್ನು ಹೊಯ್ಸಳ ರಾಣಿ ಶಾಂತಲೆಯ ಹೆಸರಿನಿಂದ ಗುರುತಿಸಲಾಗುತ್ತದೆ.

ತುಮಕೂರಿನ ಸಮೀಪದ ದೇವರಾಯನದುರ್ಗಕ್ಕೆ ಮೈಸೂರಿನ ಚಿಕ್ಕದೇವರಾಜ ಒಡೆಯರಿಂದ ಹೆಸರು ಬಂದಿದೆ. ಬೆಟ್ಟದ ಮೇಲೆ ಯೋಗನರಸಿಂಹ, ಕೆಳಗೆ ಭೋಗನರಸಿಂಹ ದೇವಾಲಯಗಳಿವೆ. ಕಾಡಿನ ನಡುವೆ ಬಂಡೆಯಿಂದ ನೀರು ಜಿನುಗುವ ನಾಮದ ಚಿಲುಮೆ ಇದೆ. ಜಯಮಂಗಲಿ ನದಿ ಇದೇ ಬೆಟ್ಟಗಳಲ್ಲಿ ಹುಟ್ಟುತ್ತದೆ.

ಪಶ್ಚಿಮ ಮತ್ತು ನೈಋತ್ಯ ದಿಕ್ಕು

ಮಾಗಡಿ ತಾಲ್ಲೂಕಿನ ಸಾವನದುರ್ಗ (1,226 ಮೀ.) ಏಷ್ಯಾದ ಅತಿ ದೊಡ್ಡ ಏಕಶಿಲಾ ಬೆಟ್ಟಗಳಲ್ಲೊಂದೆಂದು ಪರಿಗಣಿತವಾಗಿದೆ. ಇದು ಕರಿಗುಡ್ಡ ಮತ್ತು ಬಿಳಿಗುಡ್ಡ ಎಂಬ ಎರಡು ಬಂಡೆಗಳಿಂದ ಕೂಡಿದೆ. ತಪ್ಪಲಿನಲ್ಲಿ ಸಾವಂದಿ ವೀರಭದ್ರೇಶ್ವರ ಮತ್ತು ನರಸಿಂಹಸ್ವಾಮಿ ದೇವಾಲಯಗಳಿವೆ. ಬಂಡೆಯ ಮೇಲೆ ಹೆಚ್ಚಿನ ದೂರ ನೆರಳಿಲ್ಲದ ಕಾರಣ ಚಾರಣಿಗರು ನಸುಕಿನಲ್ಲೇ ಹತ್ತಲು ಆರಂಭಿಸುವುದು ವಾಡಿಕೆ.

ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಸುಮಾರು 50 ಕಿ.ಮೀ. ದೂರದಲ್ಲಿರುವ ರಾಮನಗರ ರೇಷ್ಮೆಗೂಡಿನ ಮಾರುಕಟ್ಟೆಗೆ ಪ್ರಸಿದ್ಧ. 1975ರಲ್ಲಿ ಬಿಡುಗಡೆಯಾದ ಹಿಂದಿ ಚಲನಚಿತ್ರ ಶೋಲೆಯ ಹೆಚ್ಚಿನ ಹೊರಾಂಗಣ ಚಿತ್ರೀಕರಣ ಇಲ್ಲಿನ ಬಂಡೆಗಳ ನಡುವೆ ನಡೆಯಿತು. ಶಿಲಾರೋಹಣದ ತರಬೇತಿಗೂ ರಾಮನಗರದ ಬಂಡೆಗಳು ಬಳಕೆಯಾಗುತ್ತವೆ. ಹೊಸ ಬೆಂಗಳೂರು-ಮೈಸೂರು ಹೆದ್ದಾರಿ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಅಪಘಾತಗಳ ಹಿನ್ನೆಲೆಯಲ್ಲಿ ಅದೇ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ಬೈಕ್, ಆಟೊ ಮತ್ತು ಟ್ರ್ಯಾಕ್ಟರ್‌ಗಳನ್ನು ನಿಷೇಧಿಸಲಾಯಿತು. ಆದುದರಿಂದ ಬೈಕ್ ಸವಾರರು ಬಿಡದಿ, ರಾಮನಗರಗಳತ್ತ ಸಾಗಲು ಸರ್ವಿಸ್ ರಸ್ತೆಯನ್ನು ಬಳಸಬೇಕು.

ದಕ್ಷಿಣ ದಿಕ್ಕು

ಬನ್ನೇರುಘಟ್ಟವನ್ನು 1974ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು. ನಗರದ ಅಂಚಿನಿಂದ ಆರಂಭವಾಗುವ ಈ ಕಾಡು ದಕ್ಷಿಣದಲ್ಲಿ ಕಾವೇರಿ ವನ್ಯಜೀವಿಧಾಮದ ದಿಕ್ಕಿಗೆ ಚಾಚಿಕೊಂಡಿದ್ದು, ಆನೆಗಳ ಸಂಚಾರಕ್ಕೆ ಮುಖ್ಯವಾದುದಾಗಿದೆ. ಕನಕಪುರದ ಆಚೆ, ಅರ್ಕಾವತಿಯು ಕಾವೇರಿಯನ್ನು ಸೇರುವ ಸಂಗಮವಿದೆ. ಅಲ್ಲಿಂದ ಸ್ವಲ್ಪ ಕೆಳಗೆ ಕಾವೇರಿ ಕಿರಿದಾದ ಕಲ್ಲಿನ ಕಂದರದೊಳಗೆ ಹರಿಯುವ ತಾಣವೇ ಮೇಕೆದಾಟು. ಮೇಕೆಯೊಂದು ಹಾರಿ ದಾಟಬಹುದಾದಷ್ಟು ಇಕ್ಕಟ್ಟೆಂಬ ಅರ್ಥದಲ್ಲಿ ಈ ಹೆಸರು ಬಂದಿದೆ.

ಪೂರ್ವ ದಿಕ್ಕು

ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಸುಮಾರು 70 ಕಿ.ಮೀ. ದೂರದ ಕೋಲಾರದ ಪಕ್ಕದಲ್ಲಿ ಶತಶೃಂಗ ಪರ್ವತಸಾಲಿದೆ. ಇಲ್ಲಿನ ಅಂತರಗಂಗೆಯ ಕಾಶಿ ವಿಶ್ವೇಶ್ವರ ದೇವಾಲಯದಲ್ಲಿ ಕಲ್ಲಿನ ಬಸವನ ಬಾಯಿಂದ ಚಿಲುಮೆಯ ನೀರು ಕಲ್ಯಾಣಿಗೆ ಬೀಳುತ್ತದೆ. ಅದರ ಮೇಲಿನ ಬೆಟ್ಟದಲ್ಲಿ ಬಂಡೆಗಳು ಒಂದರ ಮೇಲೊಂದು ಉರುಳಿ ನಿಂತು ಗವಿಗಳಾಗಿವೆ. ಈ ಗವಿಗಳಲ್ಲಿ ನುಸುಳಿ ಸಾಗುವುದು ಇಲ್ಲಿನ ಚಾರಣದ ವೈಶಿಷ್ಟ್ಯ.

ಜೀವವೈವಿಧ್ಯ

ಈ ಬೆಟ್ಟಗಳಲ್ಲಿ ಒಣ ಎಲೆಯುದುರುವ ಕಾಡು ಮತ್ತು ಮುಳ್ಳುಗಿಡಗಳ ಕುರುಚಲು ಕಾಡು ಹೆಚ್ಚಾಗಿವೆ. ಮೋಡ ಕವಿಯುವ ನಂದಿ ಬೆಟ್ಟದ ತುದಿಯಲ್ಲಿ ಮಾತ್ರ ಹಸಿರು ದಟ್ಟವಾಗಿದೆ. ಬಂಡೆಗಳ ಇಳಿಜಾರುಗಳಲ್ಲಿ ಬದುಕುವ ಹಳದಿ ಕೊರಳಿನ ಪಿಕಳಾರ ಪಕ್ಷಿ ದಕ್ಷಿಣ ಭಾರತಕ್ಕೆ ಸೀಮಿತವಾದ ಪ್ರಭೇದವಾಗಿದ್ದು, ನಂದಿ, ಸಾವನದುರ್ಗ ಮತ್ತು ರಾಮನಗರಗಳಲ್ಲಿ ಕಾಣಸಿಗುತ್ತದೆ.

ರಾಮದೇವರ ಬೆಟ್ಟದ ಕಡಿದಾದ ಬಂಡೆಗಳಲ್ಲಿ ಉದ್ದಕೊಕ್ಕಿನ ರಣಹದ್ದುಗಳು ಗೂಡು ಕಟ್ಟುತ್ತವೆ. ಈ ಪ್ರಭೇದ ಋತುವಿಗೆ ಒಂದೇ ಮೊಟ್ಟೆ ಇಡುವುದರಿಂದ ಕಳೆದುಕೊಂಡ ಸಂಖ್ಯೆಯನ್ನು ಮರಳಿ ಪಡೆಯುವುದು ನಿಧಾನ. 1990ರ ದಶಕದಿಂದೀಚೆಗೆ ಭಾರತದಲ್ಲಿ ಇದರ ಸಂಖ್ಯೆ ಶೇಕಡಾ 95ಕ್ಕೂ ಹೆಚ್ಚು ಕುಸಿಯಿತು. ಜಾನುವಾರುಗಳಿಗೆ ನೋವುನಿವಾರಕವಾಗಿ ನೀಡುತ್ತಿದ್ದ ಡೈಕ್ಲೋಫೆನಾಕ್, ಸತ್ತ ಪ್ರಾಣಿಯ ಮಾಂಸದ ಮೂಲಕ ಹದ್ದುಗಳ ಮೂತ್ರಪಿಂಡವನ್ನು ಹಾಳುಮಾಡುತ್ತದೆ ಎಂಬುದು 2004ರಲ್ಲಿ ಪ್ರಕಟವಾದ ಸಂಶೋಧನೆಯಿಂದ ತಿಳಿದುಬಂತು. 2006ರಲ್ಲಿ ಭಾರತ ಸರ್ಕಾರ ಪಶುವೈದ್ಯಕೀಯದಲ್ಲಿ ಈ ಔಷಧವನ್ನು ನಿಷೇಧಿಸಿತು. ಕರ್ನಾಟಕ ಸರ್ಕಾರ 2012ರಲ್ಲಿ ರಾಮದೇವರ ಬೆಟ್ಟದ ಸುಮಾರು 346 ಹೆಕ್ಟೇರ್ ಪ್ರದೇಶವನ್ನು ರಣಹದ್ದು ವನ್ಯಧಾಮವೆಂದು ಘೋಷಿಸಿತು. ಇದು ದೇಶದ ಮೊದಲ ರಣಹದ್ದು ವನ್ಯಧಾಮವೆಂದು ಹೆಸರಾಗಿದೆ. ಗೂಡಿನ ಹತ್ತಿರ ಗದ್ದಲವಾದರೆ ಹದ್ದುಗಳು ಗೂಡು ಬಿಟ್ಟುಹೋಗುವ ಸಂಭವವಿರುವುದರಿಂದ ಸಂದರ್ಶಕರ ಓಡಾಟಕ್ಕೂ ಶಿಲಾರೋಹಣಕ್ಕೂ ಇಲ್ಲಿ ಮಿತಿಗಳಿವೆ.

ಅರ್ಕಾವತಿ ಕಣಿವೆ

ನಂದಿ ಬೆಟ್ಟಸಾಲಿನಲ್ಲಿ ಅರ್ಕಾವತಿಯಲ್ಲದೆ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ ಮತ್ತು ಚಿತ್ರಾವತಿ ನದಿಗಳೂ ಹುಟ್ಟುತ್ತವೆ. ಅರ್ಕಾವತಿಯು ನಗರದ ಪಶ್ಚಿಮಕ್ಕೆ ಹರಿದು, ಸಾವನದುರ್ಗದ ಬಳಿಯ ಮಂಚನಬೆಲೆ ಜಲಾಶಯ, ರಾಮನಗರ ಮತ್ತು ಕನಕಪುರಗಳನ್ನು ಹಾದು ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಹೀಗೆ ಈ ಪ್ರದೇಶದ ಹಲವು ಚಾರಣ ತಾಣಗಳನ್ನು ಒಂದೇ ನದಿ ಜೋಡಿಸುತ್ತದೆ.

ಬೆಂಗಳೂರಿಗೆ ಕೊಳವೆಯ ಮೂಲಕ ನೀರು ಮೊದಲು ಬಂದದ್ದು ಇದೇ ನದಿಯ ಹೆಸರಘಟ್ಟ ಕೆರೆಯಿಂದ. 1933ರಲ್ಲಿ ಅರ್ಕಾವತಿ ಹಾಗೂ ಶಿವಗಂಗೆಯಲ್ಲಿ ಹುಟ್ಟುವ ಕುಮುದ್ವತಿ ನದಿಗಳು ಕೂಡುವಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಸಿದ್ಧವಾಯಿತು. ಕಾಲಕ್ರಮದಲ್ಲಿ ಈ ಎರಡಕ್ಕೂ ಒಳಹರಿವು ತೀರಾ ಕಡಿಮೆಯಾಯಿತು. ಕೊಳವೆಬಾವಿಗಳಿಂದ ಅಂತರ್ಜಲ ಕುಸಿದದ್ದು, ನೀಲಗಿರಿ ನೆಡುತೋಪುಗಳು ಮತ್ತು ನಗರದ ವಿಸ್ತರಣೆ ಇದಕ್ಕೆ ಕಾರಣಗಳೆಂದು ಅಧ್ಯಯನಗಳು ಗುರುತಿಸಿವೆ. 1974ರಿಂದ ನಗರವು ಸುಮಾರು 100 ಕಿ.ಮೀ. ದೂರದ ಕಾವೇರಿಯಿಂದ ನೀರನ್ನು ಎತ್ತಿ ತರಿಸಿಕೊಳ್ಳುತ್ತಿದೆ.

ಪ್ರವೇಶ ನಿಯಮಗಳು

ಬೆಟ್ಟಗಳ ಆಡಳಿತ ಒಂದೇ ಇಲಾಖೆಯ ಕೈಯಲ್ಲಿಲ್ಲ. ನಂದಿ ಗಿರಿಧಾಮ ತೋಟಗಾರಿಕೆ ಇಲಾಖೆಯೊಂದಿಗೆ ಬೆಳೆದು ಬಂದಿದೆ. ಸಾವನದುರ್ಗ, ಸ್ಕಂದಗಿರಿ ಮೊದಲಾದ ಚಾರಣ ಮಾರ್ಗಗಳು ಅರಣ್ಯ ಪ್ರದೇಶದಲ್ಲಿವೆ. ದೇವಾಲಯಗಳಿರುವ ಕಡೆ ಯಾತ್ರಿಕರಿಗೆ ಪ್ರತ್ಯೇಕ ವ್ಯವಸ್ಥೆಗಳಿವೆ. 2024ರ ಜನವರಿಯಲ್ಲಿ ಪಶ್ಚಿಮ ಘಟ್ಟದ ಕುಮಾರ ಪರ್ವತಕ್ಕೆ ಒಂದೇ ಬಾರಿಗೆ ಭಾರಿ ಸಂಖ್ಯೆಯ ಚಾರಣಿಗರು ಬಂದುದನ್ನು ಅನುಸರಿಸಿ, ರಾಜ್ಯ ಸರ್ಕಾರ ಆನ್‌ಲೈನ್ ಮುಂಗಡ ಕಾಯ್ದಿರಿಸುವಿಕೆಯಿಲ್ಲದ ಅರಣ್ಯ ಚಾರಣಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಿತು. ಅದೇ ವರ್ಷ ಅರಣ್ಯ ಇಲಾಖೆ ‘ಅರಣ್ಯ ವಿಹಾರ’ ಎಂಬ ಜಾಲತಾಣವನ್ನು ಆರಂಭಿಸಿ, ಒಂದು ಮಾರ್ಗದಲ್ಲಿ ದಿನಕ್ಕೆ ಗರಿಷ್ಠ 300 ಮಂದಿಗೆ ಮಾತ್ರ ಅವಕಾಶವೆಂಬ ಮಿತಿಯನ್ನು ಜಾರಿಗೆ ತಂದಿತು.

ಅಪಾಯಗಳು ಮತ್ತು ಮುನ್ನೆಚ್ಚರಿಕೆ

ಎತ್ತರ ಕಡಿಮೆಯೆಂಬ ಕಾರಣಕ್ಕೆ ಈ ಬೆಟ್ಟಗಳನ್ನು ಸುಲಭವೆಂದು ಭಾವಿಸುವುದು ಅವಘಡಗಳಿಗೆ ದಾರಿಯಾಗುತ್ತದೆ. ಒಣಗಿದ್ದಾಗ ಪಾದಕ್ಕೆ ಚೆನ್ನಾಗಿ ಹಿಡಿತ ಕೊಡುವ ಗ್ರಾನೈಟ್, ಮಳೆ ಬಿದ್ದೊಡನೆ ಪಾಚಿಯಿಂದ ಜಾರತೊಡಗುತ್ತದೆ. ಹತ್ತಿದ ಇಳಿಜಾರಿನಲ್ಲೇ ಇಳಿಯಲಾಗದೆ ಸಿಕ್ಕಿಕೊಳ್ಳುವ ಪ್ರಸಂಗಗಳು ಬೋಳುಬಂಡೆಗಳಲ್ಲಿ ಸಾಮಾನ್ಯ. ಏಪ್ರಿಲ್-ಮೇ ತಿಂಗಳ ಮಧ್ಯಾಹ್ನದ ಮಳೆಗಳೊಂದಿಗೆ ಬರುವ ಸಿಡಿಲಿಗೆ ಬಯಲು ತುದಿಗಳಲ್ಲಿ ಮರೆಯೇ ಇರುವುದಿಲ್ಲ. ಬಂಡೆಗಳ ಕೆಳಗೆ ಕಟ್ಟಿದ ಹೆಜ್ಜೇನು ಹೊಗೆಗೆ ಕೆರಳುತ್ತದೆ. ಕರಡಿಗಳು ಮುಖ್ಯವಾಗಿ ಮುಸ್ಸಂಜೆಯಿಂದ ನಸುಕಿನವರೆಗೆ ಓಡಾಡುವುದರಿಂದ ಕತ್ತಲಲ್ಲಿ ಗವಿಗಳ ಬಳಿ ಇರುವುದು ಅಪಾಯಕರ.

ಮಂಚನಬೆಲೆ, ಸಂಗಮ ಮತ್ತು ಮೇಕೆದಾಟುಗಳಲ್ಲಿ ಈಜಲು ಇಳಿದವರು ಮುಳುಗಿ ಸತ್ತ ಘಟನೆಗಳು ಮರುಕಳಿಸುತ್ತಿವೆ. ನೀರಿನ ಸುಳಿಗೆ ಸಿಕ್ಕಿ ಕೊರೆದುಹೋದ ಬಂಡೆಯ ಗುಂಡಿಗಳ ಆಳ ಮೇಲಿನಿಂದ ತಿಳಿಯುವುದಿಲ್ಲ. ಮೇಲ್ಭಾಗದ ಅಣೆಕಟ್ಟುಗಳಿಂದ ನೀರು ಬಿಟ್ಟಾಗ ಹರಿವು ಹಠಾತ್ತನೆ ಏರುತ್ತದೆ. ರಸ್ತೆಗಳೂ ಸದಾ ಸುರಕ್ಷಿತವಲ್ಲ. 2021ರ ಆಗಸ್ಟ್‌ನಲ್ಲಿ ಭಾರಿ ಮಳೆಯಿಂದ ಭೂಕುಸಿತ ಉಂಟಾಗಿ ನಂದಿ ಬೆಟ್ಟದ ರಸ್ತೆ ಕೊಚ್ಚಿಹೋಯಿತು. ದುರಸ್ತಿಯಾಗುವವರೆಗೆ ಕೆಲವು ತಿಂಗಳು ಬೆಟ್ಟಕ್ಕೆ ಪ್ರವೇಶ ನಿಂತಿತ್ತು.

ಸಂರಕ್ಷಣೆ

ನಗರದ ಕಟ್ಟಡಗಳಿಗೆ ಬೇಕಾದ ಜಲ್ಲಿ ಮತ್ತು ಚಪ್ಪಡಿಗಳು ಬಹುಮಟ್ಟಿಗೆ ಇದೇ ಪ್ರದೇಶದ ಬಂಡೆಗಳಿಂದ ಬರುತ್ತವೆ. ಹೀಗಾಗಿ ಚಾರಣಕ್ಕೆ ಬೇಕಾದ ಬೆಟ್ಟ ಮತ್ತು ಕಟ್ಟಡಕ್ಕೆ ಬೇಕಾದ ಕಲ್ಲು ಎರಡನ್ನೂ ಬೆಂಗಳೂರು ಒಂದೇ ಮೂಲದಿಂದ ಬಯಸುತ್ತಿದೆ. 2021ರ ಫೆಬ್ರವರಿಯಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿ ಬಳಿ ಕಲ್ಲುಗಣಿಗಾರಿಕೆಯ ಜಿಲೆಟಿನ್ ಕಡ್ಡಿಗಳು ಸಿಡಿದು ಆರು ಮಂದಿ ಮೃತಪಟ್ಟರು. ಮೇಕೆದಾಟಿನಲ್ಲಿ ಕರ್ನಾಟಕ ಪ್ರಸ್ತಾಪಿಸಿರುವ ಸಮತೋಲನ ಜಲಾಶಯವು ಬೆಂಗಳೂರಿನ ಕುಡಿಯುವ ನೀರಿಗಾಗಿ ರೂಪಿತವಾಗಿದೆ. ತಮಿಳುನಾಡು ಇದನ್ನು ವಿರೋಧಿಸುತ್ತಿದ್ದು, ಯೋಜನೆಯಿಂದ ಕಾವೇರಿ ವನ್ಯಜೀವಿಧಾಮದ ಕಾಡು ಮುಳುಗಡೆಯಾಗುವ ಪ್ರಶ್ನೆಯೂ ಚರ್ಚೆಯಲ್ಲಿದೆ.

ಸಂದರ್ಶಕರಿಂದ ಉಂಟಾಗುವ ಹಾನಿಯಲ್ಲಿ ಪ್ಲಾಸ್ಟಿಕ್ ಕಸ, ಬಂಡೆ ಹಾಗೂ ಕೋಟೆಗೋಡೆಗಳ ಮೇಲಿನ ಬರಹ ಮತ್ತು ಬೇಸಿಗೆಯಲ್ಲಿ ಹತ್ತುವ ಬೆಂಕಿ ಮುಖ್ಯವಾದವು. ಒಣಗಿದ ಬಾದೆಹುಲ್ಲಿಗೆ ತಗುಲಿದ ಕಿಡಿ ಬೆಟ್ಟದ ಒಂದು ಇಡೀ ಮಗ್ಗುಲನ್ನು ಸುಡಬಲ್ಲದು. ತಿಂಡಿಗೆ ಒಗ್ಗಿದ ಕೋತಿಗಳು ಜನರ ಮೇಲೆ ಎರಗುವುದು ನಂದಿ, ಶಿವಗಂಗೆ ಮತ್ತು ದೇವರಾಯನದುರ್ಗಗಳಲ್ಲಿ ಕಂಡುಬರುತ್ತದೆ. ಬೆಟ್ಟದ ಮೇಲಿನ ದೊಣೆಗಳು ಬೇಸಿಗೆಯಲ್ಲಿ ಕಾಡುಪ್ರಾಣಿ, ಪಕ್ಷಿಗಳಿಗೆ ನೀರೊದಗಿಸುವುದರಿಂದ ಅವುಗಳಲ್ಲಿ ಸೋಪು ಬಳಸುವುದು ಅಥವಾ ಕಸ ಎಸೆಯುವುದು ಮಿಕ್ಕೆಲ್ಲ ಮಾಲಿನ್ಯಕ್ಕಿಂತ ನೇರವಾದ ಹಾನಿಯನ್ನು ಉಂಟುಮಾಡುತ್ತದೆ.