ಬಿ.ಎ. ಓದಿ ಏನ್ ಮಾಡ್ತೀಯಾ?

ಹೋದ ವಾರ ರಾತ್ರಿ ಹನ್ನೊಂದೂವರೆಗೆ ನನ್ನ ಚಿಕ್ಕಮ್ಮನ ಮಗಳು ಒಂದು ವಾಯ್ಸ್ ನೋಟ್ ಕಳಿಸಿದ್ಳು. ಪಿಯುಸಿ ಮುಗಿಸಿದ್ದಾಳೆ. "ಅಣ್ಣಾ, ನಂಗೆ ಹಿಸ್ಟರಿ, ಸೋಷಿಯಾಲಜಿ ಇರೋ ಬಿ.ಎ. ಬೇಕು. ಅಪ್ಪ ಬಿ.ಕಾಂ. ಅಂತಾರೆ. ಶನಿವಾರ ಅಡ್ಮಿಷನ್ನಿಗೆ ಲಾಸ್ಟ್ ಡೇಟ್. ನೀನೊಂದು ಮಾತು ಹೇಳು."

ನಾನೇ ಬಿ.ಕಾಂ. ನಂಗೂ ಹಿಸ್ಟರಿ ಇಷ್ಟ ಇತ್ತು. "ಬಿ.ಎ. ಓದಿ ಏನ್ ಮಾಡ್ತೀಯಾ?" ಅಂತ ಮನೇಲಿ ಕೇಳಿದಾಗ ನನ್ನ ಹತ್ರ ಉತ್ತರ ಇರಲಿಲ್ಲ. ಅವಳಿಗಾದರೂ ಒಂದು ಉತ್ತರ ಸಿಗಲಿ ಅಂತ ಇವತ್ತಿನ ಎಪಿಸೋಡ್.

ಎಲೆಕ್ಷನ್ ಬಂದ್ರೆ ಟಿವಿಯಲ್ಲಿ ದಿನಕ್ಕೆ ನೂರು ಸಲ ಕೇಳೋ ಒಂದು ಪದ ಇದೆ: 'ವೋಟ್ ಬ್ಯಾಂಕ್'. ಅದನ್ನ ಚಲಾವಣೆಗೆ ತಂದವರು ಯಾವ ರಾಜಕಾರಣಿಯೂ ಅಲ್ಲ. ಮೈಸೂರಿನಲ್ಲಿ ಬಿ.ಎ. ಓದಿದ ಒಬ್ಬರು, ಎಂ.ಎನ್. ಶ್ರೀನಿವಾಸ್. 1955ರಲ್ಲಿ ಒಂದು ಹಳ್ಳಿಯ ಬಗ್ಗೆ ಬರೆದ ಲೇಖನದಲ್ಲಿ ಈ ಪದ ಬಳಸಿದರು.

ಕಥೆ ಶುರುವಾಗೋದು 1916ರಲ್ಲಿ. ಆ ವರ್ಷ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿತು. ಬ್ರಿಟಿಷರ ನೇರ ಆಡಳಿತದ ಹೊರಗೆ, ದೇಶದಲ್ಲಿ ಅದೇ ಮೊದಲನೆಯದು. ಅದೇ ವರ್ಷ ನವೆಂಬರಿನಲ್ಲಿ ಮೈಸೂರಿನಲ್ಲೇ ಶ್ರೀನಿವಾಸ್ ಹುಟ್ಟಿದರು.

ಅವರ ಮನೆ ಕಾಲೇಜ್ ರೋಡಿನಲ್ಲಿತ್ತು. ಬ್ರಾಹ್ಮಣ ಕುಟುಂಬ. ಮನೆಯ ಹಿಂದೆಯೇ ಬಂಡಿಕೇರಿ, ಕುರುಬ ಸಮುದಾಯದವರು ಇದ್ದ ಬೀದಿ. ನಾಲ್ಕು ಹೆಜ್ಜೆ ದಾಟಿದರೆ ಊಟ, ಮಾತು, ಬದುಕೋ ರೀತಿ ಎಲ್ಲಾ ಬೇರೆ. ತನಗೆ ಮೊದಲ ಸಾಂಸ್ಕೃತಿಕ ಆಘಾತ ಆಗಿದ್ದು ಅಲ್ಲೇ ಅಂತ ಅವರು ಮುಂದೆ ಬರೆದುಕೊಂಡಿದ್ದಾರೆ. ವಿದೇಶದಲ್ಲಲ್ಲ, ಸ್ವಂತ ಮನೆಯ ಹಿತ್ತಲಿನಾಚೆ!

ಮಹಾರಾಜ ಕಾಲೇಜಿನಲ್ಲಿ ಅವರು ತಗೊಂಡಿದ್ದು ಸೋಷಿಯಲ್ ಫಿಲಾಸಫಿ ಆನರ್ಸ್. ಪ್ರೊಫೆಸರ್ ಎ.ಆರ್. ವಾಡಿಯಾ ರೂಪಿಸಿದ್ದ ಕೋರ್ಸ್ ಅದು. ಸಮಾಜಶಾಸ್ತ್ರ, ಮಾನವಶಾಸ್ತ್ರ, ನೀತಿಶಾಸ್ತ್ರ, ರಾಜಕೀಯ ಚಿಂತನೆ ಎಲ್ಲಾ ಒಟ್ಟಿಗೆ. 1936ರಲ್ಲಿ ಡಿಗ್ರಿ ಬಂತು. ಆಮೇಲೆ ಬಾಂಬೆಗೆ ಹೋಗಿ ಜಿ.ಎಸ್. ಘುರ್ಯೆ ಹತ್ರ ಸಮಾಜಶಾಸ್ತ್ರ ಓದಿದರು. ಜೊತೆಗೆ ಎಲ್‌ಎಲ್‌.ಬಿ.ಯನ್ನೂ ಮಾಡಿಕೊಂಡರು. ನಮ್ಮ ಮನೆಗಳಲ್ಲಿ 'ಸೇಫ್ಟಿಗೆ ಒಂದು ಇರಲಿ' ಅಂತಾರಲ್ಲ, ಆ ತರಹದ ಡಿಗ್ರಿ ಆಗಲೂ ಇತ್ತು ನೋಡಿ.

ಅಲ್ಲಿಂದ ಆಕ್ಸ್‌ಫರ್ಡ್. ಅಲ್ಲೇ ಕೆಲಸವೂ ಸಿಕ್ಕಿತು. ಆದರೆ 1948ರಲ್ಲಿ ಅವರು ವಾಪಸ್ ಬಂದು ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ತಿಂಗಳುಗಟ್ಟಲೆ ಇದ್ದರು. ಪುಸ್ತಕದಲ್ಲಿ ಆ ಊರಿಗೆ ಅವರು ಇಟ್ಟ ಹೆಸರು ರಾಮಪುರ. ಊರಿನ ಮುಖ್ಯಸ್ಥರ ಎತ್ತಿನ ಮನೆಯಲ್ಲಿ ವಾಸ. ಯಾರ ಜಮೀನು ಯಾರು ಉಳ್ತಾರೆ, ಜಗಳ ಆದಾಗ ಯಾರು ಯಾರ ಪರ ನಿಲ್ತಾರೆ, ಎಲ್ಲಾ ಬರೆದುಕೊಂಡರು. 'ಪ್ರಬಲ ಜಾತಿ' ಅನ್ನೋ ಪರಿಕಲ್ಪನೆ ಬೆಳೆದಿದ್ದು ಆ ಕೆಲಸದಿಂದ. 'ಸಂಸ್ಕೃತೀಕರಣ' ಅನ್ನೋ ಪದ ಹೆಸರಾಗಿದ್ದು ಕೊಡಗಿನ ಬಗ್ಗೆ ಅವರು ಬರೆದ 1952ರ ಪುಸ್ತಕದಿಂದ.

1970ರ ಏಪ್ರಿಲ್. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಕೂತು ರಾಮಪುರದ ಪುಸ್ತಕ ಬರೀಬೇಕು ಅಂತಿದ್ದಾಗ, ಅವರ ಆಫೀಸಿದ್ದ ಕಟ್ಟಡಕ್ಕೆ ಯಾರೋ ಬೆಂಕಿ ಹಚ್ಚಿದರು. ವರ್ಷಗಟ್ಟಲೆ ಜೋಡಿಸಿದ್ದ ಟಿಪ್ಪಣಿಗಳ ಮೂರೂ ಪ್ರತಿ ಸುಟ್ಟುಹೋದವು. ಆಗ ಗೆಳೆಯರೊಬ್ಬರ ಸಲಹೆಯಂತೆ ನೆನಪಿನಿಂದಲೇ ಬರೆಯೋಕೆ ಕೂತರು. 1976ರಲ್ಲಿ 'ದ ರಿಮೆಂಬರ್ಡ್ ವಿಲೇಜ್' ಬಂತು.

ನಾನು ಕಾಮರ್ಸಿನವನು, ಲೆಕ್ಕ ಹಾಕೋದು ಅಭ್ಯಾಸ. ಟಿಪ್ಪಣಿ ಸುಟ್ಟಮೇಲೂ ಉಳಿದಿದ್ದು ಏನು? ಜನರನ್ನ ನೋಡೋಕೆ ಕಲಿತ ಕಣ್ಣು. ಇದು ಯಾವ ಬ್ಯಾಲೆನ್ಸ್ ಶೀಟಿನಲ್ಲೂ ಆಸ್ತಿ ಅಂತ ಕಾಣಿಸಲ್ಲ.

ಆದ್ರೆ ಇಷ್ಟಕ್ಕೇ ನಿಲ್ಲಿಸಿದರೆ ತಂಗಿಗೆ ಅರ್ಧ ಸತ್ಯ ಹೇಳಿದ ಹಾಗೆ. ಕಾಲೇಜ್ ರೋಡಿನಲ್ಲಿ ಮನೆ ಇದ್ದವರಿಗೆ ಬಿ.ಎ. ಓದೋ ಧೈರ್ಯ ಸುಲಭ. ರಾಮಪುರದಲ್ಲೂ ಅವರು ಹಳ್ಳಿಯನ್ನ ಹೆಚ್ಚಾಗಿ ನೋಡಿದ್ದು ಮೇಲ್ಜಾತಿಯವರ ಕಡೆಯಿಂದ. ದಲಿತರ ಕೇರಿಯ ಬದುಕು ತನಗೆ ಅಷ್ಟಾಗಿ ದಕ್ಕಲಿಲ್ಲ ಅಂತ ಅವರೇ ಒಪ್ಪಿಕೊಂಡಿದ್ದಾರೆ. ಅಂದ್ರೆ ಎಂಥಾ ಕಣ್ಣಿಗೂ ಅದು ನಿಂತ ಜಾಗ ಅಂತ ಒಂದಿರುತ್ತೆ. ಬೇರೆ ಬೇರೆ ಮನೆಗಳ ಹುಡುಗ ಹುಡುಗಿಯರು ಈ ವಿಷಯ ಓದಬೇಕು ಅನ್ನೋದು ಅದಕ್ಕೇ. ಫೀಸು, ಬಾಡಿಗೆ ಯೋಚನೆ ಇರೋ ಮನೆಯವರು ಓದದೇ ಬಿಟ್ಟರೆ ಆ ಕಡೆಯಿಂದ ನೋಡಿ ಬರೆಯೋರು ಯಾರು?

ಶುಕ್ರವಾರ ಚಿಕ್ಕಪ್ಪನ ಮನೆಗೆ ಹೋದೆ. ಶ್ರೀನಿವಾಸ್ ಕಥೆ ಪೂರ್ತಿ ಹೇಳಿದೆ. ಅವರು ಕೇಳಿ, "ಅವರೂ ಲಾ ಮಾಡಿದ್ರಲ್ಲ?" ಅಂದ್ರು. ಹೌದು, ಮಾಡಿದ್ರು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಿ.ಎ. ಆದ್ಮೇಲೆ ಬಿ.ಎಡ್. ಆದ್ರೂ ಮಾಡ್ತಾಳಾ ಕೇಳು" ಅಂದ್ರು.

ಶನಿವಾರ ಮಧ್ಯಾಹ್ನ ಅಡ್ಮಿಷನ್ ರಸೀದಿಯ ಫೋಟೋ ಬಂತು. ಬಿ.ಎ. ಬಿ.ಎಡ್. ವಿಷಯ ಮೂರು ವರ್ಷ ಆದ್ಮೇಲೆ ನೋಡೋಣ ಅಂತ ಅವಳ ಮೆಸೇಜು.

ನಿಮ್ಮ ಮನೇಲಿ ಈ ಪ್ರಶ್ನೆ ಬಂದಾಗ ನೀವೇನು ಉತ್ತರ ಕೊಟ್ರಿ? ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ.