ಓದುಗರಿದ್ದಲ್ಲಿಗೆ ಹೋದ ಬರಹ

ಹಂಪಿಯ ವಿರೂಪಾಕ್ಷ ದೇವಾಲಯದ ರಂಗಮಂಟಪದ ಮುಂದೆ ಒಂದು ಶಾಸನದ ಕಲ್ಲು ನಿಂತಿದೆ. ಕೃಷ್ಣದೇವರಾಯನು ಪಟ್ಟಕ್ಕೆ ಬಂದ ಹೊಸತರಲ್ಲಿ, 1510ರಲ್ಲಿ, ನಿಲ್ಲಿಸಿದ್ದು. ಚೈತ್ರದ ತೇರಿಗೆ ಬರುವ ಸಾವಿರಾರು ಜನ ಅದರ ಮಗ್ಗುಲಲ್ಲಿಯೇ ಹಾದು ಒಳಗೆ ಹೋಗುತ್ತಾರೆ. ಕೆಲವರು ಕೈಮುಗಿಯುತ್ತಾರೆ, ಕೆಲವರು ಒರಗಿ ನಿಂತು ದಣಿವಾರಿಸಿಕೊಳ್ಳುತ್ತಾರೆ, ಈಚೆಗೆ ಕೆಲವರು ಮೊಬೈಲಿನಲ್ಲಿ ಅದರ ಪಟ ತೆಗೆದುಕೊಳ್ಳುತ್ತಾರೆ. ಓದುವವರನ್ನು ಮಾತ್ರ ನಾನು ಕಂಡದ್ದು ಕಡಮೆ.

ಕೆಲವು ವರ್ಷಗಳ ಹಿಂದೆ ತೇರಿನ ದಿನವೇ ನಾನು ಕನ್ನಡಕವನ್ನು ಮೇಲೆ ಕೆಳಗೆ ಮಾಡುತ್ತ ಆ ಕಲ್ಲಿನ ಒಂದು ಸಾಲಿನಲ್ಲಿ ಸಿಕ್ಕಿಕೊಂಡು ನಿಂತಿದ್ದೆ. ಕಂಪ್ಲಿಯ ಕಡೆಯ ಒಬ್ಬ ಹಿರಿಯರು, ಹೆಗಲ ಮೇಲೆ ಟವಲು, ಕೈಯಲ್ಲಿ ಹಣ್ಣುಕಾಯಿಯ ಚೀಲ, ಪಕ್ಕಕ್ಕೆ ಬಂದು ನಿಂತರು.

“ಏನ್ ಬರ್ದೈತ್ರಿ ಇದ್ರಾಗ?”

ನನಗೆ ತಿಳಿದಷ್ಟು ಹೇಳಿದೆ. ರಾಯನು ಪಟ್ಟವಾದ ಕಾಲದಲ್ಲಿ ಈ ರಂಗಮಂಟಪವನ್ನೂ ಮುಂದಿನ ಗೋಪುರವನ್ನೂ ಕಟ್ಟಿಸಿದ, ದೇವರಿಗೆ ಚಿನ್ನದ ಕಮಲವನ್ನೂ ನಾಗಾಭರಣವನ್ನೂ ಒಪ್ಪಿಸಿದ, ನೈವೇದ್ಯಕ್ಕೆಂದು ಒಂದು ಹಳ್ಳಿಯನ್ನು ಬಿಟ್ಟುಕೊಟ್ಟ, ಎಂದೆ. “ಯಾವ ಹಳ್ಳಿರಿ? ಈಗ ಐತೇನು?” ಎಂದರು. ಹಿಂದಿನಿಂದ ಒಬ್ಬ ತಾಯಿ, “ಆ ಬಂಗಾರದ ಹೂವು ಈಗ ಎಲ್ಲೈತ್ರಿ?” ಎಂದಳು. ಇನ್ನೊಬ್ಬರು, “ಸ್ವಲ್ಪ ಜೋರಾಗಿ ಹೇಳ್ರಿ, ಈ ಕಡೆ ಕೇಳವಲ್ದು” ಎಂದರು. ತಿರುಗಿ ನೋಡಿದರೆ ಹದಿನೈದು ಜನ ಸುತ್ತ ನಿಂತಿದ್ದರು.

ಈ ಸಂಗತಿ ನನಗೆ ಸಂತೋಷ ಕೊಟ್ಟಿತೆಂದರೆ ಅರ್ಧ ಸತ್ಯ. ಹೊಸಪೇಟೆಯ ನಮ್ಮ ಮನೆಯ ಅಟ್ಟದ ಮೇಲೆ ಆಗ ಒಂದು ಪುಸ್ತಿಕೆಯ ಇನ್ನೂರಕ್ಕೂ ಹೆಚ್ಚು ಪ್ರತಿಗಳು ಗಂಟು ಬಿಚ್ಚದೆ ಬಿದ್ದಿದ್ದವು. ಈ ಸೀಮೆಯ ಇತಿಹಾಸವನ್ನು ಕುರಿತು ನಾನೇ ಬರೆದು, ಕೈಯಿಂದ ಹಣ ಹಾಕಿ, ಮುನ್ನೂರು ಪ್ರತಿ ಅಚ್ಚು ಹಾಕಿಸಿದ್ದು. ಸ್ನೇಹಿತರಿಗೆ ಹಂಚಿದ್ದೇ ಖರ್ಚಾದದ್ದು. ಐನೂರು ವರ್ಷದ ಹಿಂದಿನ ಕಲ್ಲಿಗೆ ಅರ್ಧ ಗಳಿಗೆಯಲ್ಲಿ ಹದಿನೈದು ಮಂದಿ ಕೂಡಿದರು. ನನ್ನ ಕಾಗದಕ್ಕೆ ಮೂರು ವರ್ಷದಲ್ಲಿ ಅಷ್ಟು ಜನ ಕೂಡಲಿಲ್ಲ. ನನಗಿಂತ ಮುಂಚೆ ಈ ನೆಲದಲ್ಲಿ ಬರೆದವರು ಓದುಗರನ್ನು ಹೇಗೆ ಸಂಪಾದಿಸಿದರು ಎಂಬ ಪ್ರಶ್ನೆ ಅಂದಿನಿಂದ ತಲೆ ಹೊಕ್ಕಿತು. ಅದರ ಬೆನ್ನುಹತ್ತಿ ಕಂಡದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ಮೊದಲು ಶಾಸನಗಳ ಮಾತು. ಅಕ್ಷರ ಬಲ್ಲವರು ಊರಿಗೆ ನಾಲ್ಕೈದು ಮಂದಿ ಇದ್ದ ಕಾಲದಲ್ಲಿ ಕಲ್ಲಿನ ಮೇಲೆ ಬರೆಯಿಸಿದವರು ಮೂರ್ಖರೇನಲ್ಲ. ಕಲ್ಲಿನ ನೆತ್ತಿಯನ್ನು ನೋಡಿರಿ: ಸೂರ್ಯ, ಚಂದ್ರ, ಲಿಂಗ, ಅಥವಾ ಕರುವಿಗೆ ಮೊಲೆಯೂಡುವ ಹಸು. ಇದು ದತ್ತಿಯ ಕಲ್ಲು, ಚಂದ್ರಸೂರ್ಯರಿರುವ ತನಕ ನಡೆಯಬೇಕಾದ ಮಾತು, ಎಂಬುದು ಒಂದಕ್ಷರ ಬಾರದವನಿಗೂ ಅಷ್ಟರಿಂದಲೇ ತಿಳಿಯುತ್ತಿತ್ತು. ಈಗಿನ ಪತ್ರಿಕೆಯವರು ದಪ್ಪಕ್ಷರದ ತಲೆಬರಹದಿಂದ ಮಾಡುವ ಕೆಲಸವನ್ನು ಆಗ ಹಸು ಕರು ಮಾಡುತ್ತಿದ್ದವು. ಕೊನೆಯಲ್ಲಿ ಶಾಪ: ಈ ಧರ್ಮಕ್ಕೆ ತಪ್ಪಿದವನು ಗಂಗೆಯ ತಡಿಯಲ್ಲಿ ಕವಿಲೆಯನ್ನು ಕೊಂದ ಪಾಪಕ್ಕೆ ಹೋಗುವನೆಂದು. ನಡುವಿನ ಗಡಿ, ಗದ್ದೆ, ಅಳತೆಗಳ ವಿವರ ಮರೆತರೂ ಶಾಪವನ್ನು ಯಾರೂ ಮರೆಯುತ್ತಿರಲಿಲ್ಲ. ಇನ್ನು ಕಲ್ಲು ನೆಡುತ್ತಿದ್ದ ಜಾಗವೋ, ಗುಡಿಯ ಬಾಗಿಲು, ಕೆರೆಯ ಏರಿ, ಹೊಲದ ಮೇರೆ. ಆ ಮಾತಿನಿಂದ ಯಾರಿಗೆ ಲಾಭ ನಷ್ಟವೋ ಅವರು ದಿನವೂ ಓಡಾಡುವ ಎಡೆ.

ವಿಜಯನಗರದ ಬುಕ್ಕರಾಯನ 1368ರ ಪ್ರಸಿದ್ಧ ಶಾಸನವನ್ನೇ ತೆಗೆದುಕೊಳ್ಳಿ. ಜೈನರಿಗೂ ಶ್ರೀವೈಷ್ಣವರಿಗೂ ಬಿದ್ದ ವ್ಯಾಜ್ಯವನ್ನು ರಾಯನು ತೀರಿಸಿದ ಕಥೆ ಶಾಲೆಯ ಪುಸ್ತಕಗಳಲ್ಲೂ ಇದೆ. ದೂರು ಹೊತ್ತು ಬಂದ ಜೈನರಲ್ಲಿ ನಮ್ಮ ಹೊಳೆಯಾಚೆಯ ಆನೆಗೊಂದಿಯವರೂ ಇದ್ದರು. ನನ್ನ ಮನಸ್ಸು ಹಿಡಿದದ್ದು ತೀರ್ಪಿಗಿಂತ ಅದನ್ನು ಸಾರಿದ ರೀತಿ. ರಾಜ್ಯದೊಳಗಿನ ಎಲ್ಲ ಬಸದಿಗಳಲ್ಲಿಯೂ ಈ ಶಾಸನವನ್ನು ನೆಡಿಸಬೇಕು, ನೆಡಿಸತಕ್ಕವರು ಶ್ರೀವೈಷ್ಣವರೇ, ಎಂದು ಅದರಲ್ಲಿಯೇ ವಿಧಿಸಿದೆ. ಒಂದು ಪ್ರತಿ ಶ್ರವಣಬೆಳಗೊಳದಲ್ಲಿದೆ, ಇನ್ನೊಂದು ಮಾಗಡಿಯ ಹತ್ತಿರದ ಕಲ್ಯದಲ್ಲಿ. ಒಂದು ಬರಹಕ್ಕೆ ಹಲವು ಪ್ರತಿ. ಹಂಚುವ ಹೊಣೆ, ಅದನ್ನು ಓದಲು ಮನಸ್ಸಿಲ್ಲದ ಪಕ್ಷದವರ ಮೇಲೆ! ಇಂಥ ಪ್ರಸಾರಾಧಿಕಾರಿ ನಮ್ಮ ಯಾವ ಪ್ರಕಾಶನ ಸಂಸ್ಥೆಗೆ ಸಿಕ್ಕಿಯಾನು?

ಕವಿಗಳ ದಾರಿ ಬೇರೆ. ಹಳೇಬೀಡಿನ ಲೆಕ್ಕದ ಕೆಲಸ ಬಿಟ್ಟು ಹಂಪಿಗೆ ಬಂದು ನೆಲೆಸಿದನೆನ್ನುವ ಹರಿಹರನು ಶಿವಶರಣರ ಕಥೆಗಳನ್ನು ರಗಳೆಯಲ್ಲಿ ಬರೆದಾಗ, ಇವನಿಗೆ ಇದೊಂದೇ ಬರುವುದೆಂದು ಪಂಡಿತರು ಹಂಗಿಸಿದರಂತೆ. ಅವರ ಬಾಯಿ ಮುಚ್ಚಿಸಲು ‘ಗಿರಿಜಾಕಲ್ಯಾಣ’ವನ್ನು ಚಂಪುವಿನಲ್ಲಿ ರಚಿಸಿದನೆಂದು ಪ್ರತೀತಿ. ಅವನ ಸೋದರಳಿಯ ರಾಘವಾಂಕನ ಕಥೆ ಇನ್ನೂ ಕಟುವಾದದ್ದು. ‘ಹರಿಶ್ಚಂದ್ರಕಾವ್ಯ’ವನ್ನು ಹಂಪಿಯ ದೊರೆಯ ಸಭೆಯಲ್ಲಿ ಓದಿ ಮೆಚ್ಚುಗೆ ಪಡೆದು ಬಂದ ಅಳಿಯನಿಗೆ, ನರಸ್ತುತಿ ಮಾಡಿದೆಯಾ ಎಂದು ಮಾವನು ಕಾಲಿನದನ್ನು ತೆಗೆದು ಹೊಡೆದನೆಂದೂ, ಹಲ್ಲುದುರಿದುವೆಂದೂ, ಶಿವಭಕ್ತರನ್ನು ಕುರಿತು ಬರೆದ ಮೇಲೆ ಮತ್ತೆ ಮೂಡಿದುವೆಂದೂ ಐತಿಹ್ಯ. ಹಲ್ಲಿನ ಮಾತನ್ನು ನಂಬುವುದು ಬಿಡುವುದು ವಾಚಕರಿಗೆ ಬಿಟ್ಟದ್ದು. ಆದರೆ ಹಲ್ಲು ಕಳೆದ ಕಾವ್ಯವನ್ನೇ ಜನ ಇಂದಿಗೂ ಹೆಚ್ಚಾಗಿ ಓದುತ್ತಾರೆ.

ಕಂಪ್ಲಿಯ ಕುಮಾರರಾಮನಿಗೆ ಯಾವ ಸಭೆಯೂ ಬೇಕಾಗಲಿಲ್ಲ. ಕಂಪಿಲರಾಯನ ಮಗನಾದ ಈತ ದೆಹಲಿಯ ಸೈನ್ಯಕ್ಕೆ ಎದುರಾಗಿ ಬಿದ್ದ. 1327ರ ಹೊತ್ತಿಗೆ ಕಂಪಿಲಿಯ ರಾಜ್ಯವೇ ಮುಗಿಯಿತು. ಸಂಡೂರಿನ ಗುಡ್ಡದಲ್ಲಿರುವ ರಾಮಗಡವೇ ಆ ಕಥೆಯ ಹೊಸಮಲೆದುರ್ಗವೆಂದು ವಿದ್ವಾಂಸರು ಗುರುತಿಸುತ್ತಾರೆ. ಸುಮಾರು ಇನ್ನೂರು ವರ್ಷಗಳ ಮೇಲೆ, ದೂರದ ಚೆಂಗಾಳ್ವರ ನಾಡಿನಲ್ಲಿ, ನಂಜುಂಡ ಕವಿಯು ಈ ಕಥೆಯನ್ನು ‘ರಾಮನಾಥ ಚರಿತೆ’ಯೆಂದು ಸಾಂಗತ್ಯದಲ್ಲಿ ಬರೆದ. ಹೆಸರೇ ಹೇಳುವಂತೆ ಸಾಂಗತ್ಯ ಹಾಡಿಗೆ ಒದಗುವ ಮಟ್ಟು. ಓದು ಬಾರದವನೂ ಅದರ ಓದುಗನೇ. ಮಲೆನಾಡಿನ ಹಳ್ಳಿಗಳಲ್ಲಿ ಕುಮಾರರಾಮನ ಮರದ ಮುಖಗಳಿಗೆ ಪೂಜೆ ನಡೆಯುತ್ತದೆ. ಸೋತು ಸತ್ತ ಒಬ್ಬ ಪಾಳೆಯದ ಹುಡುಗನು ತುಂಗಭದ್ರೆಯಿಂದ ಅಷ್ಟು ದೂರ ನಡೆದುಹೋದದ್ದು ಬಾಯಿಂದ ಬಾಯಿಗೆ, ಯಾವ ಮುದ್ರಣಾಲಯದ ಹಂಗೂ ಇಲ್ಲದೆ.

ಇದಕ್ಕೆ ತಿರುವುಮುರುವಾದ ಉದಾಹರಣೆಯೂ ನಮ್ಮ ಊರಿಗೆ ಸೇರಿದ್ದೇ. ಕೃಷ್ಣದೇವರಾಯನು ನಾಗಲಾದೇವಿಯ ಹೆಸರಿನಲ್ಲಿ ನಾಗಲಾಪುರವನ್ನು, ಎಂದರೆ ಈ ಹೊಸಪೇಟೆಯನ್ನು, ಕಟ್ಟಿಸುತ್ತಿದ್ದ ಕಾಲದಲ್ಲಿ ಪೋರ್ಚುಗೀಸರ ಪಾಯೆಸ್ ಇಲ್ಲಿಗೆ ಬಂದು ಕಣ್ಣಾರೆ ಕಂಡದ್ದನ್ನು ಬರೆದ. ಹದಿನೈದು ವರ್ಷದ ಮೇಲೆ ನೂನಿಜ್ ಬರೆದ. ಇಬ್ಬರ ಬರಹವೂ ಮೂರೂವರೆ ಶತಮಾನಕ್ಕೂ ಮಿಕ್ಕು ಕಾಲ ಅಚ್ಚನ್ನೇ ಕಾಣಲಿಲ್ಲ. ಪ್ಯಾರಿಸ್ಸಿನ ಗ್ರಂಥಭಂಡಾರದಲ್ಲಿದ್ದ ಹಸ್ತಪ್ರತಿಯನ್ನು ಡೇವಿಡ್ ಲೋಪೆಸ್ ಎಂಬ ವಿದ್ವಾಂಸರು 1897ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚು ಹಾಕಿಸಿದರು. ಮದರಾಸಿನ ಸಿವಿಲ್ ಸರ್ವಿಸಿನಲ್ಲಿದ್ದ ರಾಬರ್ಟ್ ಸ್ಯೂಯೆಲ್ಲರು ಅದನ್ನು ಇಂಗ್ಲಿಷಿಗೆ ತಿರುಗಿಸಿ, ವಿಜಯನಗರವನ್ನು ‘ಮರೆತುಹೋದ ಸಾಮ್ರಾಜ್ಯ’ವೆಂದು ಕರೆದು, 1900ರಲ್ಲಿ ಪುಸ್ತಕ ಮಾಡಿದರು. ನಮ್ಮ ಮನೆಯಂಗಳದ ವರ್ಣನೆ ನಮ್ಮ ಕೈಗೆ ಬರುವುದಕ್ಕೆ ಪ್ಯಾರಿಸ್ಸು, ಲಿಸ್ಬನ್ನು, ಲಂಡನ್ನುಗಳನ್ನು ಸುತ್ತಬೇಕಾಯಿತು.

ಆದರೂ ಒಂದು ಪುಸ್ತಕ ಹುಟ್ಟಿಸಿದ ಕುತೂಹಲ ಮುಂದಿನದಕ್ಕೆ ನೆಲ ಹದಮಾಡುತ್ತದೆ. ಧಾರವಾಡದ ಆಲೂರು ವೆಂಕಟರಾಯರು 1905ರಲ್ಲಿ ಹಂಪಿಗೆ ಬಂದರು. ತಮ್ಮ ಬಾಳಿನ ದಿಕ್ಕು ತಿರುಗಿದ್ದು ಆ ಹಾಳನ್ನು ಕಂಡು ಎಂದು ಅವರೇ ನೆನೆದಿದ್ದಾರೆ. ಅವರ ‘ಕರ್ನಾಟಕ ಗತವೈಭವ’ 1917ರಲ್ಲಿ ಹೊರಬಂತು. ಇತಿಹಾಸದ ಕಟ್ಟುನಿಟ್ಟಿನಿಂದ ಅಳೆದರೆ ಅದರಲ್ಲಿ ಉತ್ಸಾಹ ಹೆಚ್ಚು, ತೂಕ ಕಡಮೆ ಎನ್ನುವವರಿದ್ದಾರೆ. ನಾನೂ ಒಂದು ಕಾಲಕ್ಕೆ ಹಾಗೆಂದವನೇ. ಓದುವವನ ಎದುರಿಗೆ ನಿಂತು ಮಾತನಾಡಿದಂತೆ ಬರೆದದ್ದರಿಂದಲೇ ಅದು ಮನೆಮನೆಗೆ ಹೋಯಿತೆಂಬುದು ನನಗೆ ಹೊಳೆಯಲು ಅಟ್ಟದ ಮೇಲಿನ ಗಂಟುಗಳು ಬೇಕಾದವು.

ಎಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಇಲ್ಲಿಗೆ ಸಮೀಪದ ಬಳ್ಳಾರಿಯ ಒಂದು ಹಳೆಯ ಸಂಗತಿ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’. ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗರು 1843ರ ಜುಲೈ 1ರಂದು ಹೊರತಂದದ್ದು. ಆ ದಿನವನ್ನು ನಾವು ಈಗ ಪತ್ರಿಕಾ ದಿನವೆಂದು ಆಚರಿಸುತ್ತೇವೆ. ನಾಲ್ಕು ಪುಟ, ಹದಿನೈದು ದಿನಕ್ಕೊಮ್ಮೆ, ಕಲ್ಲಚ್ಚಿನಲ್ಲಿ. ಒಳಗೆ ಊರ ವರ್ತಮಾನ, ಸರಕಾರದ ಅಪ್ಪಣೆಗಳು, ಪರರಾಜ್ಯದ ಸುದ್ದಿ, ಆಶ್ಚರ್ಯದ ಸಂಗತಿಗಳು, ಕಥೆಗಳು. ಯಾರಾದರೂ ನಿಜವಾದ ವರ್ತಮಾನ ಬರೆದು ಕಳಿಸಿದರೆ ಅದನ್ನೂ ಛಾಪಿಸುವ ಮಾತು. ಮತಪ್ರಚಾರಕ್ಕೆಂದು ಸಮುದ್ರ ದಾಟಿ ಬಂದ ಪಾದ್ರಿಗೆ ಇಷ್ಟು ತಿಳಿದಿತ್ತು: ಉಪದೇಶವೊಂದನ್ನೇ ಬಡಿಸಿದರೆ ಎಲೆಯ ಮುಂದೆ ಯಾರೂ ಕೂಡುವುದಿಲ್ಲ.

ಮರುವರ್ಷವೇ, 1844ರಲ್ಲಿ, ಪತ್ರಿಕೆ ಘಟ್ಟ ಹತ್ತಿ ಬಳ್ಳಾರಿಗೆ ಬಂತು. ಹೆಸರು ‘ಕನ್ನಡ ಸಮಾಚಾರ’ವಾಯಿತು. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನವರ ಮೊಳೆಯಚ್ಚಿನ ಮುದ್ರಣಾಲಯವಿತ್ತು. ಜಾನ್ ಹ್ಯಾಂಡ್ಸ್ 1810ರಲ್ಲಿ ಬಂದು ಊರಿದ ಮಿಷನ್ನು ಅದು. ಹಂಪಿಯ ಜಾತ್ರೆಗೆ ಹೋಗಿ ಕಿರುಹೊತ್ತಗೆ ಹಂಚುವ ರೂಢಿ ಅವರದು. ಅಚ್ಚಿನ ಅನುಕೂಲ ಒಂದು ಕಾರಣ, ಸರಿ. ಆದರೆ ಹೆಸರೇಕೆ ಬದಲಾಯಿತು? ನನಗೆ ತೋರುವುದಿಷ್ಟು. ಮಂಗಳೂರಿನ ಬೀದಿಯಲ್ಲಿ ತುಳು, ಕೊಂಕಣಿ, ಬ್ಯಾರಿ, ಮಲೆಯಾಳಗಳ ನಡುವೆ ಕನ್ನಡ ಬಹಳ ಮಟ್ಟಿಗೆ ಕಚೇರಿ ಮತ್ತು ಶಾಲೆಗಳ ಮಾತು. ಬಳ್ಳಾರಿಯಲ್ಲಿ ನಿಂತರೆ ಒಂದು ಕಡೆ ಮೈಸೂರು, ಒಂದು ಕಡೆ ನಿಜಾಮನ ಸೀಮೆ, ಒಂದು ಕಡೆ ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳು, ನಡುವೆ ಸಂಡೂರಿನ ಘೋರ್ಪಡೆಯವರ ಸಂಸ್ಥಾನ. ನಾಲ್ಕು ಸರಕಾರಗಳ ಪ್ರಜೆಗಳು, ಓದುವ ಲಿಪಿ ಒಂದೇ. ಊರಿನ ಹೆಸರನ್ನು ತೆಗೆದು ಭಾಷೆಯ ಹೆಸರನ್ನಿಟ್ಟ ಗಳಿಗೆಯಲ್ಲಿ, ಆ ಪತ್ರಿಕೆ ಅವರೆಲ್ಲರನ್ನೂ ಒಂದೇ ಜಗಲಿಗೆ ಕರೆದಂತಾಯಿತು. ಏಕೀಕರಣದ ಮಾತೇ ಹುಟ್ಟದ ಕಾಲ ಅದು. ಬಳ್ಳಾರಿ ಜಿಲ್ಲೆ ಮೈಸೂರಿಗೆ ಸೇರಿದ್ದು 1953ರಲ್ಲಿ, ನೂರೊಂಬತ್ತು ವರ್ಷ ತಡವಾಗಿ.

ಪತ್ರಿಕೆ ಬಹುಕಾಲ ಬಾಳಲಿಲ್ಲ. ಜಗಲಿ ಹಾಕಿದರೂ ಕೂಡುವವರು ಸಾಲಲಿಲ್ಲವೇನೋ. ಮೊಗ್ಲಿಂಗರು ಮಾತ್ರ ಪಾಠ ಕಲಿತರು. ಮುಂದೆ ಅವರು ಕೈಹಾಕಿದ್ದು ಜನ ಆಗಲೇ ಬಾಯಲ್ಲಿಟ್ಟುಕೊಂಡಿದ್ದ ಹಾಡು ಕಾವ್ಯಗಳಿಗೆ: ದಾಸರ ಪದಗಳು, ಬಸವಪುರಾಣ, ಜೈಮಿನಿ ಭಾರತ. ಕೆಸಮೇಜರ್ ಎಂಬ ನಿವೃತ್ತ ನ್ಯಾಯಾಧೀಶರು ಹಣವೊದಗಿಸಿದರು.

ಗಳಗನಾಥರ ಹೆಸರೆತ್ತದೆ ಈ ಮಾತು ಮುಗಿಸಿದರೆ ಹಿರಿಯರು ಕ್ಷಮಿಸಲಾರರು. ವಿದ್ಯಾರಣ್ಯರನ್ನೂ ವಿಜಯನಗರವನ್ನೂ ಕುರಿತ ‘ಮಾಧವ ಕರುಣಾ ವಿಲಾಸ’ವನ್ನು 1923ರಲ್ಲಿ ಬರೆದ ಅವರು ತಮ್ಮ ಪುಸ್ತಕಗಳನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ತೀರಿಕೊಂಡದ್ದು 1942ರಲ್ಲಿ. ಈ ಸಂಗತಿಯನ್ನು ಭಾಷಣಗಳಲ್ಲಿ ಎಷ್ಟು ಸಲ ಕೇಳಿ ಚಪ್ಪಾಳೆ ತಟ್ಟಿದ್ದೇನೆಂದು ನನಗೇ ಲೆಕ್ಕವಿಲ್ಲ. ಅಟ್ಟ ಹತ್ತಿ ಗಂಟು ಇಳಿಸುವ ಬುದ್ಧಿ ಒಮ್ಮೆಯೂ ಬರಲಿಲ್ಲ.

ಕೊನೆಗೆ ಇಳಿಸಿದೆ. ಒಂದು ಗಂಟಿಗೆ ಗೆದ್ದಲು ಮುಟ್ಟಿತ್ತು; ಉಳಿದವುಗಳಿಂದ ಇಪ್ಪತ್ತು ಪ್ರತಿ ಕೈಚೀಲದಲ್ಲಿ ತುಂಬಿ, ಕಂಪ್ಲಿಯ ಬಸ್ಸು ಹತ್ತಿದೆ. ಸಂತೆಯ ದಿನ. ಮೆಣಸಿನಕಾಯಿ ಮಾರುವವರೊಬ್ಬರು ತಮ್ಮ ಚೀಲವನ್ನು ಸ್ವಲ್ಪ ಸರಿಸಿ ಜಾಗ ಕೊಟ್ಟರು. ಪುಸ್ತಿಕೆ ಕೈಯಲ್ಲಿ ಹಿಡಿದು ಸುಮ್ಮನೆ ಕುಳಿತರೆ ಯಾರೂ ತಿರುಗಿ ನೋಡಲಿಲ್ಲ. ನಾಚಿಕೆ ಬಿಟ್ಟು ಕುಮಾರರಾಮನ ಪುಟ ತೆರೆದು ಗಟ್ಟಿಯಾಗಿ ಓದತೊಡಗಿದೆ. ನನ್ನ ವಾಕ್ಯಗಳು ಎಷ್ಟು ಉದ್ದವೆಂಬುದು ಉಸಿರು ಸಾಲದೆ ಹೋದಾಗ ತಿಳಿಯಿತು. ಎರಡನೆಯ ಪುಟದಿಂದ ಓದುವುದನ್ನು ಬಿಟ್ಟು ಕಥೆ ಹೇಳಿದೆ.

ಸಂಜೆಯ ಹೊತ್ತಿಗೆ ಏಳು ಪ್ರತಿ ಹೋದವು. ಏಳನೆಯದನ್ನು ಕೊಂಡ ಹುಡುಗ ಅಲ್ಲಿಯೇ ನಿಂತು ಹಾಳೆ ಮಗುಚಿ ಮಗುಚಿ ನೋಡಿ, “ಇದ್ರಾಗ ನಮ್ಮೂರಿನ ಹೆಸ್ರು ಇಲ್ಲಲ್ರಿ, ಅಜ್ಜಾರೆ?” ಎಂದ. ಯಾವ ಊರಪ್ಪಾ ಎಂದು ಕೇಳಿ, ಹಿಂದಿನ ಖಾಲಿ ಹಾಳೆಯ ಮೇಲೆ ಬರೆದುಕೊಂಡೆ.