ನ್ಯೂ ಲ್ಯಾನಾರ್ಕಿನ ಗಿರಣಿ

ದುಡಿಯುವವನು ಮನಸ್ಸಿಟ್ಟು ದುಡಿಯಬೇಕಾದರೆ ಯಜಮಾನನಾದವನು ಏನು ಮಾಡತಕ್ಕದ್ದು ಎಂಬ ಪ್ರಶ್ನೆಯು ಅತಿ ಪ್ರಾಚೀನವಾದುದು. ಕೂಲಿಯನ್ನು ಹೆಚ್ಚಿಸಬೇಕೆಂದು ಕೆಲವರೂ, ಭಯವನ್ನು ಹುಟ್ಟಿಸಬೇಕೆಂದು ಕೆಲವರೂ ಹೇಳುತ್ತ ಬಂದಿರುವರು. ಯಂತ್ರಯುಗದ ಪ್ರಾರಂಭದಲ್ಲಿ ಸ್ಕಾಟ್ಲೆಂಡ್ ದೇಶದ ಒಂದು ನೂಲಿನ ಗಿರಣಿಯಲ್ಲಿ ಈ ಪ್ರಶ್ನೆಗೆ ಬೇರೊಂದು ಉತ್ತರವನ್ನು ಹುಡುಕಿದ ವೃತ್ತಾಂತವು ಮನನಯೋಗ್ಯವಾಗಿದೆ.

ಕ್ಲೈಡ್ ನದಿಯ ಜಲಪಾತಗಳ ಬಳಿಯಲ್ಲಿ, ನೀರಿನ ಬಲದಿಂದ ನಡೆಯುವ ಈ ಗಿರಣಿಯನ್ನು ಡೇವಿಡ್ ಡೇಲ್ ಎಂಬ ವರ್ತಕನು ಸ್ಥಾಪಿಸಿದನು. 1786ರಲ್ಲಿ ನೂಲುವ ಕಾರ್ಯವು ಮೊದಲಾಯಿತು. ಡೇಲನ ಅಳಿಯನೂ ವೇಲ್ಸ್ ಪ್ರಾಂತದವನೂ ಆದ ರಾಬರ್ಟ್ ಓವೆನನು 1800ರ ಜನವರಿಯಲ್ಲಿ ಇದರ ಆಡಳಿತವನ್ನು ವಹಿಸಿಕೊಂಡನು. ಆಗ ಅವನ ವಯಸ್ಸು 28. ಕುಡಿತ, ಕಳವು, ಮೈಗಳ್ಳತನ ಇವು ಅಲ್ಲಿ ಬೇರೂರಿದ್ದುವೆಂದು ಅವನು ಬರೆದಿರುವನು. ಪರಸ್ಥಳದವನಾದ ಈ ತರುಣನು ತಮ್ಮಿಂದ ಇನ್ನಷ್ಟು ದುಡಿಸಿಕೊಳ್ಳುವುದಕ್ಕಾಗಿಯೇ ಬಂದಿರುವನೆಂದು ಕೂಲಿಕಾರರು ಶಂಕಿಸಿದರು. ಹಲವು ವರ್ಷಗಳವರೆಗೆ ಅವನ ಯಾವ ಸುಧಾರಣೆಯನ್ನೂ ಅವರು ನಂಬಲಿಲ್ಲ.

ಹೀಗಿರುವಲ್ಲಿ, ಆ ಶತಮಾನದ ಮೊದಲ ದಶಕದಲ್ಲಿ ಅಮೆರಿಕವು ಹತ್ತಿಯನ್ನು ಹೊರಗೆ ಕಳುಹಿಸುವುದನ್ನು ನಿಲ್ಲಿಸಿತು. ಹತ್ತಿಯ ಬೆಲೆಯು ವಿಪರೀತವಾಗಿ ಏರಿ ಅನೇಕ ಗಿರಣಿಗಳು ಮುಚ್ಚಿದುವು, ಕೂಲಿಕಾರರು ಬೀದಿಪಾಲಾದರು. ಓವೆನನೂ ಯಂತ್ರಗಳನ್ನು ನಿಲ್ಲಿಸಿದನು. ಆದರೆ ಒಬ್ಬರನ್ನೂ ತೆಗೆದುಹಾಕಲಿಲ್ಲ. ಯಂತ್ರಗಳನ್ನು ಒರಸಿ ಸುಸ್ಥಿತಿಯಲ್ಲಿಡುವುದಷ್ಟನ್ನೇ ಒಪ್ಪಿಸಿ, ನಾಲ್ಕು ತಿಂಗಳವರೆಗೆ ಪೂರ್ಣ ಕೂಲಿಯನ್ನು ಕೊಟ್ಟನು. ಇದಕ್ಕಾಗಿ 7,000 ಪೌಂಡುಗಳಿಗೂ ಹೆಚ್ಚು ಹಣವು ವೆಚ್ಚವಾಯಿತು. ಮಾತಿನಿಂದ ಕರಗದಿದ್ದ ಸಂಶಯವು ಈ ಒಂದು ಕಾರ್ಯದಿಂದ ಕರಗಿತು.

ಇನ್ನು ಅವನ ದಂಡನೆಯ ಕ್ರಮವೂ ವಿಲಕ್ಷಣವಾದುದು. ಬೈಗುಳಕ್ಕೂ ಹೊಡೆತಕ್ಕೂ ಬದಲಾಗಿ ಪ್ರತಿಯೊಬ್ಬರ ಸ್ಥಾನದಲ್ಲಿಯೂ ನಾಲ್ಕು ಮುಖಗಳುಳ್ಳ ಒಂದು ಸಣ್ಣ ಮರದ ತುಂಡನ್ನು ತೂಗಹಾಕಿಸಿದನು. ಕಪ್ಪು, ನೀಲಿ, ಹಳದಿ, ಬಿಳಿ ಎಂಬ ನಾಲ್ಕು ಬಣ್ಣಗಳು ಹಿಂದಿನ ದಿನದ ನಡತೆಯು ಕೆಟ್ಟದ್ದು, ಸಾಧಾರಣ, ಒಳ್ಳೆಯದು, ಅತ್ಯುತ್ತಮ ಎಂಬುದನ್ನು ಸೂಚಿಸುತ್ತಿದ್ದುವು. ಇದಕ್ಕೆ ‘ಮೌನ ಬೋಧಕ’ವೆಂದು ಹೆಸರಿಡಬಹುದು. ಮೇಲ್ವಿಚಾರಕನು ಅನ್ಯಾಯವಾಗಿ ಬಣ್ಣವನ್ನು ತೋರಿಸಿದನೆಂದು ತೋರಿದರೆ ಕೂಲಿಕಾರನು ನೇರವಾಗಿ ಓವೆನನಲ್ಲಿಗೆ ಬಂದು ದೂರು ಹೇಳಿಕೊಳ್ಳಬಹುದಾಗಿತ್ತು. ಮೊದಮೊದಲು ಕಪ್ಪೇ ಹೆಚ್ಚಾಗಿ ಕಾಣಿಸುತ್ತಿದ್ದು, ಕ್ರಮೇಣ ಹಳದಿಯೂ ಬಿಳಿಯೂ ಹೆಚ್ಚಿದುವೆಂದು ಅವನು ಬರೆದಿರುವನು.

ಇಲ್ಲಿಯ ಕೂಲಿಯು ಇತರ ಗಿರಣಿಗಳಿಗಿಂತ ಹೆಚ್ಚಾಗಿರಲಿಲ್ಲವೆಂಬುದನ್ನು ಗಮನಿಸಬೇಕು. ಆದರೆ ಗ್ರಾಮದ ಅಂಗಡಿಯಲ್ಲಿ ಒಳ್ಳೆಯ ಸಾಮಾನುಗಳು ಸುಲಭ ಬೆಲೆಗೆ ದೊರೆಯುತ್ತಿದ್ದುವು. ಕೂಲಿಯ ಅರುವತ್ತನೆಯ ಒಂದು ಭಾಗವನ್ನು ಕೂಡಿಸಿ ರೋಗಿಗಳ ಆರೈಕೆಗೆ ನಿಧಿಯನ್ನು ಮಾಡಿದ್ದರು. ಹತ್ತು ವರ್ಷದೊಳಗಿನ ಮಕ್ಕಳನ್ನು ಗಿರಣಿಗೆ ಸೇರಿಸುವುದು ನಿಂತಿತು. 1816ರ ಜನವರಿ 1ರಂದು ಒಂದು ವಿದ್ಯಾಮಂದಿರವು ತೆರೆಯಲ್ಪಟ್ಟು, ಹಗಲು ಮಕ್ಕಳಿಗೂ ರಾತ್ರಿ ದುಡಿಯುವವರಿಗೂ ಪಾಠಗಳು ನಡೆದುವು. ದುಡಿಮೆಯ ವೇಳೆಯೂ ದಿನಕ್ಕೆ ಸುಮಾರು ಹತ್ತೂಮುಕ್ಕಾಲು ಗಂಟೆಗಳಿಗೆ ಇಳಿಯಿತು.

ಲಾಭವೊಂದನ್ನೇ ನೋಡುತ್ತಿದ್ದ ಪಾಲುಗಾರರಿಗೆ ಈ ವೆಚ್ಚಗಳು ಹಿಡಿಸಲಿಲ್ಲ. 1813ರಲ್ಲಿ ಗಿರಣಿಯು ಹರಾಜಿಗೆ ಬಂದಿತು. ಓವೆನನು ಜೆರೆಮಿ ಬೆಂಥಾಂ, ವಿಲಿಯಂ ಆಲನ್ ಮೊದಲಾದ ಹೊಸ ಪಾಲುಗಾರರೊಡನೆ 1,14,100 ಪೌಂಡುಗಳಿಗೆ ಅದನ್ನು ಮರಳಿ ಪಡೆದನು. ತಾವು ಹೂಡಿದ ಹಣಕ್ಕೆ ನೂರಕ್ಕೆ ಐದರಂತೆ ಲಾಭವನ್ನು ಪಡೆದು, ಮಿಕ್ಕುದನ್ನು ಜನಹಿತಕ್ಕೆ ವಿನಿಯೋಗಿಸಲು ಈ ಪಾಲುಗಾರರು ಒಪ್ಪಿದ್ದರು. ಓವೆನನು ಹಿಂದಿರುಗಿದಾಗ ಜನರು ಗಾಡಿಯ ಕುದುರೆಗಳನ್ನು ಬಿಚ್ಚಿ ತಾವೇ ಎಳೆದುಕೊಂಡು ಹೋದರಂತೆ. ಹಿಂದೆ ಅವನನ್ನು ಶಂಕಿಸಿದವರೂ ಇದೇ ಗ್ರಾಮದ ಜನರೇ!

ಆದರೂ ಈ ವ್ಯವಸ್ಥೆಯು ನಿರ್ದೋಷವಾದುದಾಗಿರಲಿಲ್ಲ. 1819ರಲ್ಲಿ ಇಲ್ಲಿಗೆ ಬಂದ ಕವಿ ರಾಬರ್ಟ್ ಸದೇಯು ಓವೆನನ ಸದುದ್ದೇಶವನ್ನು ಮೆಚ್ಚಿದರೂ, ಈ ಜನರು ಸ್ವತಂತ್ರರಲ್ಲದೆ ಒಬ್ಬನ ಇಚ್ಛೆಗೆ ಒಳಪಟ್ಟಿರುವರೆಂದು ಆಕ್ಷೇಪಿಸಿದನು. ಈ ಮಾತಿನಲ್ಲಿ ಸತ್ಯವುಂಟು. ನಿಯಮಗಳನ್ನು ಮಾಡುವುದರಲ್ಲಿ ದುಡಿಯುವವರಿಗೆ ಪಾಲಿರಲಿಲ್ಲ. ಮರದ ತುಂಡು ಎಲ್ಲರ ಮುಂದೆಯೂ ತೂಗುತ್ತಿತ್ತು, ಯಜಮಾನನ ಮುಂದೆ ತೂಗುತ್ತಿರಲಿಲ್ಲ.

ಗಿರಣಿಯು 1968ರಲ್ಲಿ ನಿಂತುಹೋಯಿತು; 2001ರಲ್ಲಿ ಆ ಗ್ರಾಮವು ವಿಶ್ವಪರಂಪರೆಯ ಸ್ಥಳಗಳ ಸಾಲಿಗೆ ಸೇರಿತು. ಯಂತ್ರಗಳಿಗೆ ಎಣ್ಣೆ ಹಾಕಿ ಜೋಪಾನ ಮಾಡುವವರು ಸಜೀವವಾದ ಮನುಷ್ಯನನ್ನೇಕೆ ಉಪೇಕ್ಷಿಸಬೇಕೆಂಬುದು ಓವೆನನು ಇತರ ಗಿರಣಿಗಳ ಒಡೆಯರಿಗೆ ಹಾಕಿದ ಪ್ರಶ್ನೆ. ಕೂಲಿ, ಬಹುಮಾನ, ಶಿಕ್ಷೆ ಇವೆಲ್ಲವೂ ವಿಶ್ವಾಸವೆಂಬ ನೆಲದ ಮೇಲೆ ನಿಂತರೆ ಮಾತ್ರ ಫಲಿಸುವುವು. ಆ ವಿಶ್ವಾಸವನ್ನು ಯಜಮಾನನು ಕಷ್ಟಕಾಲದಲ್ಲಿ ತಾನೇ ಮೊದಲು ನಷ್ಟವನ್ನು ಹೊತ್ತು ಸಂಪಾದಿಸಬೇಕಾಗುವುದು. ಕೆಲಸವಿಲ್ಲದ ಆ ನಾಲ್ಕು ತಿಂಗಳುಗಳು ನ್ಯೂ ಲ್ಯಾನಾರ್ಕಿನಲ್ಲಿ ಕಲಿಸಿದ ಪಾಠವು ಇದೇ.